ಕೈಗಡಿಯಾರಕ್ಕೆ ಮೊಬೈಲೇ ಶತ್ರುವೇ?

'ಮೊಬೈಲ್ ಬಂತು, ಕೈಗಡಿಯಾರ ಹೋಯಿತು' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಎಚ್‌ಎಂಟಿಯ ಮಟ್ಟಿಗಂತೂ ಈ ಮಾತು ನಿಜವಲ್ಲ.

1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ವಾಚುಗಳ ತಯಾರಿಕೆ ಆರಂಭವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. 17 ಜ್ಯುವೆಲ್‌ಗಳ, ಕೀ ಕೊಡುವ 'ಜನತಾ' ಮೇಷ್ಟ್ರು, ಗುಮಾಸ್ತರ ಕೈಗೂ ಬಂತು. ಮದುವೆಯ ಮಾತುಕತೆಯಲ್ಲಿ ಅಳಿಯನಿಗೆ ವಾಚು ಕೇಳುವ ಕೆಟ್ಟ ಚಾಳಿಯೂ ಜೊತೆಗೇ ಬೆಳೆಯಿತೆನ್ನಿ. ನಮ್ಮ ಅಬ್ಬಾ ಫಜ್ರ್ ನಮಾಝ್ ಮುಗಿಸಿ ಬಂದೊಡನೆ ತಮ್ಮ ಜನತಾಗೆ ಕೀ ಕೊಡುತ್ತಿದ್ದರು. ಮರೆತರೆ ಮರುದಿನ ಅದು ನಿಂತೇಬಿಡುತ್ತಿತ್ತು.

ಈ ಕೆಲಸವನ್ನು ತಪ್ಪಿಸಿದ್ದು ಮೊಬೈಲಲ್ಲ, ಕ್ವಾರ್ಟ್ಸ್. 1969ರಲ್ಲಿ ಜಪಾನಿನ ಸೀಕೊ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಸ್ಪ್ರಿಂಗಿನ ಬದಲು ಬ್ಯಾಟರಿ. ಇಂದಿನ ಸಾಮಾನ್ಯ ಕ್ವಾರ್ಟ್ಸ್ ವಾಚಿನೊಳಗೆ ಸ್ಫಟಿಕದ ತುಣುಕೊಂದು ಸೆಕೆಂಡಿಗೆ 32,768 ಬಾರಿ ಕಂಪಿಸಿ ಕಾಲ ಎಣಿಸುತ್ತದೆ. ಎಚ್‌ಎಂಟಿಯೂ ಕ್ವಾರ್ಟ್ಸ್ ಮಾಡಿತು, ಆದರೆ ಅದರ ಮನಸ್ಸು ಸ್ಪ್ರಿಂಗಿನಲ್ಲೇ ಉಳಿಯಿತು. 1984ರಲ್ಲಿ ಹುಟ್ಟಿದ ಟೈಟನ್ ಹೊಸೂರಿನ ಕಾರ್ಖಾನೆಯಿಂದ ಕ್ವಾರ್ಟ್ಸನ್ನೇ ನಂಬಿ ಹೊರಟಿತು. ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಅಷ್ಟರಲ್ಲಾಗಲೇ ಎಚ್‌ಎಂಟಿ ಹಿಂದೆ ಬಿದ್ದಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಟೈಟನ್ ಮಾತ್ರ ಈ ಮೊಬೈಲ್ ಕಾಲದಲ್ಲೂ ವಾಚು ಮಾರುತ್ತಲೇ ಇದೆ.

ಮೊಬೈಲು ಕಸಿದದ್ದು ಬೇರೆಯವರ ಅನ್ನವನ್ನು. ಕಣ್ಣಿಗೆ ಮಸೂರ ಸಿಕ್ಕಿಸಿ ಕೂರುತ್ತಿದ್ದ ನಮ್ಮೂರ ರಿಪೇರಿ ಚಾಚಾನ ಮೇಜಿನ ತುಂಬ ಈಗ ಮೊಬೈಲ್ ಕವರುಗಳು. ಅಬ್ಬಾರ ಜನತಾ ಒಯ್ದಾಗ ಡ್ರಾಯರ್ ತಡಕಾಡಿ ಹಳೆಯ ಸ್ಪ್ರಿಂಗೊಂದನ್ನು ಹುಡುಕಿ ಹಾಕಿಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.