ವಿಮಾನ ಎಂಜಿನ್‌ನ ಬ್ರೇಕ್-ಇನ್

ಬ್ರೇಕ್-ಇನ್ ಅಥವಾ ರನ್ನಿಂಗ್-ಇನ್ ಎಂದರೆ ಹೊಸ ಅಥವಾ ಓವರ್‌ಹಾಲ್ ಆದ ಪಿಸ್ಟನ್ ಎಂಜಿನ್‌ನ ಉಂಗುರಗಳು ಸಿಲಿಂಡರ್ ಗೋಡೆಗೆ ಸರಿಯಾಗಿ ಹೊಂದಿಕೊಳ್ಳುವಂತೆ ಅದನ್ನು ಆರಂಭದ ಗಂಟೆಗಳಲ್ಲಿ ನಿಗದಿತ ಕ್ರಮದಲ್ಲಿ ಓಡಿಸುವ ಪ್ರಕ್ರಿಯೆ. ಹೊಸ ಮೋಟಾರ್‌ಸೈಕಲ್ಲನ್ನು ಮೊದಲು ನಿಧಾನವಾಗಿ ಓಡಿಸುವುದು ರೂಢಿ. ಗಾಳಿಯಿಂದ ತಂಪಾಗುವ ವಿಮಾನ ಎಂಜಿನ್ನನ್ನು ಇದಕ್ಕೆ ವ್ಯತಿರಿಕ್ತವಾಗಿ ಹೆಚ್ಚಿನ ಶಕ್ತಿಯಲ್ಲಿ ಓಡಿಸಬೇಕಾಗುತ್ತದೆ.

ತತ್ತ್ವ

ಓವರ್‌ಹಾಲ್ ವೇಳೆ ಸಿಲಿಂಡರ್‌ನ ಒಳಮೈಯನ್ನು ಉಜ್ಜಿ, ಒಂದನ್ನೊಂದು ಛೇದಿಸುವ ಸೂಕ್ಷ್ಮ ಗೀರುಗಳನ್ನು ಮೂಡಿಸಲಾಗುತ್ತದೆ. ದಹನಾನಿಲದ ಒತ್ತಡವು ಉಂಗುರಗಳನ್ನು ಗೋಡೆಗೆ ಒತ್ತಿದಾಗ ಗೀರುಗಳ ಚೂಪು ತುದಿಗಳು ಸವೆದು ಎರಡೂ ಮೈಗಳು ಹೊಂದಿಕೊಳ್ಳುತ್ತವೆ. ಶಕ್ತಿ ಕಡಿಮೆಯಿದ್ದರೆ ಈ ಒತ್ತಡ ಸಾಲದು. ಆಗ ಗೋಡೆಯ ಮೇಲೆ ಉಳಿದ ಎಣ್ಣೆ ಶಾಖಕ್ಕೆ ಗಟ್ಟಿಯಾಗಿ, ಗೀರುಗಳನ್ನು ತುಂಬುವ ನುಣುಪಾದ ಪದರವಾಗುತ್ತದೆ. ಇದನ್ನು ಗ್ಲೇಜಿಂಗ್ ಎನ್ನುತ್ತಾರೆ. ಒಮ್ಮೆ ಗ್ಲೇಜಿಂಗ್ ಆದ ಸಿಲಿಂಡರ್ ಎಣ್ಣೆಯನ್ನು ಸುಡುತ್ತಲೇ ಇರುತ್ತದೆ. ಸಾಮಾನ್ಯವಾಗಿ ಅದನ್ನು ಬಿಚ್ಚಿ ಮತ್ತೆ ಉಜ್ಜುವುದೇ ಪರಿಹಾರ.

ವಿಧಾನ

ಎಂಜಿನ್ ಮೊದಲ ಬಾರಿ ಚಾಲೂ ಆಗುವ ಮುನ್ನ ಅದರ ಎಣ್ಣೆನಾಳಗಳಿಗೆ ಎಣ್ಣೆ ತುಂಬಿಸಲಾಗುತ್ತದೆ. ಟರ್ಬೊಚಾರ್ಜರ್ ಇಲ್ಲದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸಂಯೋಜಕಗಳಿಲ್ಲದ ಖನಿಜ ಎಣ್ಣೆ ಬಳಕೆಯಾಗುತ್ತದೆ. ನೆಲದ ಮೇಲೆ ತಂಪುಗಾಳಿ ಸಾಲದ ಕಾರಣ ಅಲ್ಲಿನ ಓಟವನ್ನು ಚಿಕ್ಕದಾಗಿಡಲಾಗುತ್ತದೆ. ಹಾರಾಟದಲ್ಲಿ ಸುಮಾರು 65ರಿಂದ 75 ಶೇಕಡಾ ಶಕ್ತಿಯನ್ನು ಬಳಸಿ, ದೀರ್ಘವಾದ ಕಡಿದಾದ ಏರಿಕೆಯನ್ನೂ ಶಕ್ತಿಯನ್ನು ಪೂರ್ತಿ ತಗ್ಗಿಸಿದ ಇಳಿಕೆಯನ್ನೂ ತಪ್ಪಿಸಲಾಗುತ್ತದೆ. ಎಣ್ಣೆಯ ಬಳಕೆ ಸ್ಥಿರಗೊಂಡರೆ ಬ್ರೇಕ್-ಇನ್ ಮುಗಿದಂತೆ. ಲೈಕಾಮಿಂಗ್ ಕಂಪನಿ ಖನಿಜ ಎಣ್ಣೆಯನ್ನು 50 ಗಂಟೆಗಳವರೆಗೆ ಅಥವಾ ಎಣ್ಣೆಯ ಬಳಕೆ ಸ್ಥಿರವಾಗುವವರೆಗೆ ಬಳಸಲು ಸೂಚಿಸುತ್ತದೆ.

ಸ್ವನಿರ್ಮಿತ ವಿಮಾನಗಳಲ್ಲಿ

ಮನೆಯಲ್ಲಿ ನಿರ್ಮಿಸಿದ ವಿಮಾನದಲ್ಲಿ ಎರಡು ಅಗತ್ಯಗಳು ಪರಸ್ಪರ ವಿರುದ್ಧವಾಗುತ್ತವೆ. ಪರೀಕ್ಷೆಗೊಳಪಡದ ವಿಮಾನವನ್ನು ರನ್‌ವೇಯಲ್ಲಿ ಹಲವು ಬಾರಿ ನಿಧಾನವಾಗಿ ಓಡಿಸಿ ನೋಡುವುದು ಸುರಕ್ಷಿತವೆನಿಸಿದರೂ ಅದೇ ಓಟ ಗ್ಲೇಜಿಂಗ್‌ಗೆ ಕಾರಣವಾಗುತ್ತದೆ. ಹೊಸ ಎಂಜಿನ್‌ನಲ್ಲಿ ಘರ್ಷಣೆ ಹೆಚ್ಚಿರುವುದರಿಂದ ಶಾಖವೂ ಹೆಚ್ಚು. ಕವಚದೊಳಗೆ ಗಾಳಿಯನ್ನು ಸಿಲಿಂಡರ್‌ಗಳತ್ತ ತಿರುಗಿಸುವ ತಗಡುಗಳಲ್ಲಿ ಸಂದು ಉಳಿದರೆ ಅಪಾಯ ಇಮ್ಮಡಿಸುತ್ತದೆ. ಆದ್ದರಿಂದ ಸಾಧ್ಯವಿದ್ದಲ್ಲಿ ಎಂಜಿನ್ನನ್ನು ಪರೀಕ್ಷಾ ಕಟ್ಟೆಯಲ್ಲಿ ಮೊದಲೇ ಓಡಿಸುವುದು ಅಥವಾ ಈಗಾಗಲೇ ಹಾರಿ ನೋಡಿದ ವಿಮಾನಕ್ಕೆ ಅಳವಡಿಸಿ ಬ್ರೇಕ್-ಇನ್ ಮುಗಿಸುವುದು ಉತ್ತಮ.

ಕರ್ನಾಟಕದಲ್ಲಿ

ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿ 1951ರಲ್ಲಿ ಮೊದಲು ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನದ ಸಿರಸ್ ಮೇಜರ್ ಎಂಜಿನ್ ಹಾಗೂ 1958ರ ಪುಷ್ಪಕ್‌ನ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಗಾಳಿಯಿಂದ ತಂಪಾಗುವ ವರ್ಗಕ್ಕೆ ಸೇರಿವೆ. ಎನ್‌ಎಎಲ್ ರೂಪಿಸಿದ ಹಂಸ-3ರ ರೋಟಾಕ್ಸ್ 914 ಎಂಜಿನ್‌ನ ಸಿಲಿಂಡರ್ ತಲೆಗಳು ದ್ರವದಿಂದ ತಂಪಾಗುತ್ತವೆ; ಅದಕ್ಕೆ ತಯಾರಕರ ಸೂಚನೆಗಳೇ ಬೇರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲೂ 700 ಮೀಟರಿಗೂ ಹೆಚ್ಚು ಎತ್ತರದ ಮೈಸೂರಿನಲ್ಲೂ ಗಾಳಿ ತೆಳುವಾಗಿರುವುದರಿಂದ ಟರ್ಬೊಚಾರ್ಜರ್ ಇಲ್ಲದ ಎಂಜಿನ್‌ಗಳು ಅಷ್ಟೇ ಶಕ್ತಿ ನೀಡಲು ಥ್ರಾಟಲ್ಲನ್ನು ಹೆಚ್ಚು ತೆರೆಯಬೇಕಾಗುತ್ತದೆ.