ಕಚ್ಚಾ ರೇಷ್ಮೆಯ ಆಮದು ಸುಂಕ: ರಕ್ಷಣೆಯೂ ಅದರ ಷರತ್ತೂ

ದೇಶಗಳು ಪರಸ್ಪರ ವ್ಯಾಪಾರ ಮಾಡುವುದೇಕೆ ಎಂಬ ಪ್ರಶ್ನೆಗೆ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಉತ್ತರ ಇಂದಿಗೂ ಅರ್ಥಶಾಸ್ತ್ರದ ತಳಪಾಯವಾಗಿದೆ. ತನಗೆ ಹೆಚ್ಚು ಅನುಕೂಲವಿರುವ ಸರಕನ್ನು ಬೆಳೆದು ಉಳಿದದ್ದನ್ನು ಕೊಳ್ಳುವುದು ಪ್ರತಿ ದೇಶಕ್ಕೂ ಲಾಭ ಎಂಬುದು ಅದರ ಸಾರ. ಆದರೆ ಆ ಲಾಭ ದೇಶದೊಳಗೆ ಯಾರ ಪಾಲಾಗುತ್ತದೆ, ನಷ್ಟ ಯಾರ ತಲೆಗೆ ಬರುತ್ತದೆ ಎಂಬುದನ್ನು ಈ ತತ್ತ್ವ ಬಿಡಿಸಿ ಹೇಳುವುದಿಲ್ಲ. ಕರ್ನಾಟಕದ ರೇಷ್ಮೆಯಲ್ಲಿ ಈ ಪ್ರಶ್ನೆ ತೀಕ್ಷ್ಣವಾಗಿದೆ. ಏಕೆಂದರೆ ಇಲ್ಲಿ ಸುಂಕದ ಎರಡೂ ಬದಿಗೆ ನಮ್ಮವರೇ ಇದ್ದಾರೆ. ಗೂಡು ಬೆಳೆಯುವ ರೈತನಿಗೆ ಸುಂಕ ಬೇಕು, ನೂಲು ಕೊಳ್ಳುವ ನೇಕಾರನಿಗೆ ಅದು ಹೊರೆ. ಆದ್ದರಿಂದ ಸುಂಕವನ್ನು ಗುಣಮಟ್ಟ ಸುಧಾರಣೆಗೆ ಕೊಟ್ಟ ಕಾಲಾವಕಾಶವೆಂದು ಸಮರ್ಥಿಸಬಹುದೇ ಹೊರತು ಶಾಶ್ವತ ಆಸರೆಯೆಂದಲ್ಲ ಎಂಬುದು ಈ ಲೇಖನದ ವಾದ.

ಬೆಂಗಳೂರಿನ ವಿಶ್ವೇಶ್ವರಪುರಂನ ದಕ್ಷಿಣಕ್ಕೆ, ಬಸವನಗುಡಿಯ ಆಚೆ, ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಲ್ಲಿ ರಾಜ್ಯದ ರೇಷ್ಮೆ ಇತಿಹಾಸದ ಒಂದು ಪುಟ ಉಳಿದಿದೆ. 19ನೇ ಶತಮಾನದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಮೈಸೂರು ಸರ್ಕಾರದ ನೆರವು ಪಡೆದು, ಜಪಾನಿ ಪರಿಣತರನ್ನು ಕರೆಸಿ, ಇಲ್ಲಿ ಹುಳುಸಾಕಣೆ ಮತ್ತು ನೂಲು ಬಿಚ್ಚಾಣಿಕೆಯ ಹೊಸ ವಿಧಾನಗಳನ್ನು ಆರಂಭಿಸಿದರು. 1930ರ ದಶಕದ ಜಾಗತಿಕ ಆರ್ಥಿಕ ಕುಸಿತದಲ್ಲಿ ಅದೇ ಜಪಾನಿನ ಮತ್ತು ಚೀನಾದ ಅಗ್ಗದ ರೇಷ್ಮೆ ಮೈಸೂರಿನ ಬೆಳೆಗಾರರನ್ನು ತತ್ತರಿಸುವಂತೆ ಮಾಡಿತು. ಟ್ಯಾರಿಫ್ ಮಂಡಳಿಯ ವಿಚಾರಣೆಯ ನಂತರ 1934ರಲ್ಲಿ ರಕ್ಷಣಾ ಸುಂಕ ಜಾರಿಯಾಯಿತು. ಒಂದು ದೇಶದಿಂದ ವಿದ್ಯೆ ತರಿಸಿಕೊಂಡು ಅದರ ಸರಕಿಗೆ ತೆರಿಗೆ ಹಾಕುವುದರಲ್ಲಿ ವಿರೋಧಾಭಾಸವೇನೂ ಇಲ್ಲ. ಕಲಿತದ್ದು ಹೊಲಕ್ಕೆ ಇಳಿಯಲು ವರ್ಷಗಳು ಬೇಕು, ಬೆಲೆ ಕುಸಿಯಲು ಒಂದು ಹಂಗಾಮು ಸಾಕು.

ಇತ್ತೀಚಿನ ಅನುಭವ ಈ ಮಾತಿನ ಇನ್ನೊಂದು ಮುಖವನ್ನು ತೋರಿಸುತ್ತದೆ. ಚೀನಾದ ಕಚ್ಚಾ ರೇಷ್ಮೆಗೆ 2003ರಲ್ಲಿ, ಅತಿ ಅಗ್ಗದ ಆಮದನ್ನು ತಡೆಯುವ ಆ್ಯಂಟಿ ಡಂಪಿಂಗ್ ಸುಂಕ ಬಂತು. 2011ರ ಕೇಂದ್ರ ಬಜೆಟ್ ಮೂಲ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು, 2013ರಲ್ಲಿ ಅದು ಶೇ. 15ಕ್ಕೆ ಏರಿತು, ನಡುವೆ ಶೇ. 10ಕ್ಕೆ ಇಳಿದದ್ದು 2021ರಲ್ಲಿ ಮತ್ತೆ ಶೇ. 15ಕ್ಕೆ ಏರಿತು. ಹಿಪ್ಪುನೇರಳೆ ತೋಟ ಒಮ್ಮೆ ನೆಟ್ಟರೆ ಹಲವು ವರ್ಷ ನಿಲ್ಲುವ ಬೆಳೆ. ಬಜೆಟ್ಟಿನಿಂದ ಬಜೆಟ್ಟಿಗೆ ಓಲಾಡುವ ದರ ನೋಡಿ ಯಾವ ರೈತ ಹುಳುಮನೆ ಕಟ್ಟಲು ಸಾಲ ಮಾಡಿಯಾನು? ಇತ್ತ ವಿದ್ಯುತ್ ಮಗ್ಗದ ಹಾಸು ಎಳೆಗಳಿಗೆ ಕಡಿಯದ, ಒಂದೇ ದಪ್ಪದ ನೂಲು ಬೇಕು. ದ್ವಿತಳಿ (ಬೈವೋಲ್ಟೈನ್) ಗೂಡಿನ ಎಳೆ ಸಾವಿರ ಮೀಟರ್ ದಾಟುತ್ತದೆ. ನಮ್ಮಲ್ಲಿ ಹೆಚ್ಚು ಬೆಳೆಯುವ ಮಿಶ್ರತಳಿಯ ಎಳೆ ಗಿಡ್ಡ, ಚರಕದಲ್ಲಿ ಬಿಚ್ಚಿದಾಗ ಅದರ ನೂಲು ಏರುಪೇರಾಗುತ್ತದೆ. ಹಾಸು ಎಳೆಗಳಿಗೆ ಆಮದು ನೂಲನ್ನು ನೇಕಾರ ಆರಿಸಿಕೊಳ್ಳುವುದಕ್ಕೆ ಬೆಲೆಯಷ್ಟೇ ಕಾರಣವಲ್ಲ.

ಅಗ್ಗದ ನೂಲು ಬರಲಿ, ರೈತ ಬೇರೆ ಬೆಳೆಗೆ ಹೋಗಲಿ ಎಂಬುದು ಮುಕ್ತ ವ್ಯಾಪಾರವಾದಿಗಳ ಆಕ್ಷೇಪ. ಜಗತ್ತಿನ ರೇಷ್ಮೆಯ ಬಹುಪಾಲು ಚೀನಾ ಒಂದರಲ್ಲೇ ತಯಾರಾಗುವಾಗ ಈ ಸಲಹೆ ಅಪಾಯದ್ದು. ಇಲ್ಲಿನ ತೋಟಗಳನ್ನು ಕಿತ್ತ ಮೇಲೆ ಅಲ್ಲಿ ಬೆಲೆ ಏರಿದರೆ ನೇಕಾರನಿಗೂ ದಾರಿಯಿಲ್ಲ. ನೂಲಿಗೆ ಸುಂಕ ಹಾಕಿದರೆ ಬಟ್ಟೆಯೇ ಆಮದಾಗುತ್ತದೆ ಎಂಬ ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ನೂಲಿನ ಸುಂಕ ಬಟ್ಟೆಯ ಸುಂಕವನ್ನು ಮೀರಿದರೆ ನಾವು ದಂಡ ಹಾಕುವುದು ನಮ್ಮ ಮಗ್ಗಗಳಿಗೇ. ಎರಡನ್ನೂ ಒಟ್ಟಿಗೆ ನಿಗದಿ ಮಾಡಬೇಕೆಂಬುದು ಇದಕ್ಕೆ ಉತ್ತರ.

1991ರಲ್ಲಿ ಜಪಾನಿನ ಸಹಕಾರದಿಂದ ಆರಂಭವಾದ ದ್ವಿತಳಿ ಯೋಜನೆ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ಸಿಎಸ್‌ಆರ್ ತಳಿಗಳು ನಮ್ಮ ಹವೆಯಲ್ಲೂ ಉತ್ತಮ ಗೂಡು ಸಾಧ್ಯವೆಂದು ತೋರಿಸಿವೆ. ಹಾಗಾದರೆ ಉಳಿದಿರುವುದು ನೀತಿಯ ಕೆಲಸ: ಹಲವು ವರ್ಷಗಳ ಸುಂಕದ ದರವನ್ನು ಮೊದಲೇ ಸಾರಿ, ಕ್ರಮವಾಗಿ ಇಳಿಸುತ್ತ, ಅದರಿಂದ ಬಂದ ಹಣವನ್ನು ದ್ವಿತಳಿ ಮೊಟ್ಟೆಗೂ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಕ್ಕೂ ತೊಡಗಿಸಬೇಕು. ಈ ಷರತ್ತಿಲ್ಲದ ರಕ್ಷಣೆ ನೇಕಾರನ ಜೇಬಿನಿಂದ ರೈತನಿಗೆ ಕೊಡಿಸುವ ಸಹಾಯಧನವಾಗಿಯೇ ಉಳಿಯುತ್ತದೆ, ಇಬ್ಬರನ್ನೂ ಗಟ್ಟಿಗೊಳಿಸುವುದಿಲ್ಲ.