ವಿಷುಯಲ್ ಎಡಿಟರ್

ವಿಷುಯಲ್ ಎಡಿಟರ್ ಎಂಬುದು ವಿಕಿಪೀಡಿಯ ಹಾಗೂ ಮೀಡಿಯಾವಿಕಿ ತಂತ್ರಾಂಶವನ್ನು ಬಳಸುವ ಇತರ ಜಾಲತಾಣಗಳಲ್ಲಿ, ಸಂಕೇತಗಳ ಅರಿವಿಲ್ಲದವರೂ ಪುಟಗಳನ್ನು ಬರೆಯಲು ಮತ್ತು ತಿದ್ದಲು ನೆರವಾಗುವ ಸಂಪಾದನಾ ಸಾಧನವಾಗಿದೆ. ಪದಸಂಸ್ಕಾರಕ ತಂತ್ರಾಂಶದಲ್ಲಿರುವಂತೆ, ಇಲ್ಲಿ ಬರೆಹವು ಪ್ರಕಟವಾಗಲಿರುವ ರೂಪದಲ್ಲಿಯೇ ಪರದೆಯ ಮೇಲೆ ಕಾಣುತ್ತದೆ. ವಿಕಿಮೀಡಿಯ ಫೌಂಡೇಶನ್ ಇದನ್ನು ವಿಕಿಯಾ (ಈಗಿನ ಫ್ಯಾಂಡಮ್) ಸಂಸ್ಥೆಯ ಸಹಯೋಗದೊಂದಿಗೆ ಅಭಿವೃದ್ಧಿಪಡಿಸಿತು. ಇದು ಮುಕ್ತ ತಂತ್ರಾಂಶವಾಗಿದೆ.

ಹಿನ್ನೆಲೆ

2001ರ ಜನವರಿಯಲ್ಲಿ ವಿಕಿಪೀಡಿಯ ಆರಂಭವಾದಾಗ, ಎಚ್‌ಟಿಎಂಎಲ್‌ಗಿಂತ ಸರಳವಾದ ವಿಕಿಪಠ್ಯವೇ ಸಾಮಾನ್ಯ ಬಳಕೆದಾರರಿಗೆ ದೊಡ್ಡ ಅನುಕೂಲವಾಗಿತ್ತು. ಪದವೊಂದನ್ನು ದಪ್ಪಕ್ಷರದಲ್ಲಿ ತೋರಿಸಲು ಅದರ ಎರಡೂ ಬದಿಗೆ ಮೂರು ಮೇಲ್ಬರಹದ ಅಲ್ಪವಿರಾಮ, ಕೊಂಡಿ ನೀಡಲು ಎರಡೆರಡು ಚೌಕಾವರಣ - ಇಷ್ಟನ್ನು ತಿಳಿದರೆ ಲೇಖನ ಬರೆಯಬಹುದಿತ್ತು. ಕಾಲಕ್ರಮೇಣ ಟೆಂಪ್ಲೇಟು, ಮಾಹಿತಿಚೌಕ, ಕೋಷ್ಟಕ ಮತ್ತು ಅಡಿಟಿಪ್ಪಣಿಗಳು ಸೇರಿಕೊಂಡವು. ಸಂಪಾದನೆಗೆಂದು ಪುಟವನ್ನು ತೆರೆದ ಹೊಸಬರಿಗೆ ಲೇಖನದ ಮೊದಲ ವಾಕ್ಯಕ್ಕೂ ಮುನ್ನ ಹತ್ತಾರು ಸಾಲುಗಳ ಸಂಕೇತಗಳು ಎದುರಾಗತೊಡಗಿದವು.

2007ರ ನಂತರ ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ ಇಳಿಮುಖವಾಯಿತು. ಇದಕ್ಕೆ ನೀಡಲಾದ ಹಲವು ಕಾರಣಗಳಲ್ಲಿ ಸಂಪಾದನೆಯ ಕ್ಲಿಷ್ಟತೆಯೂ ಒಂದು. 2008ರ ಡಿಸೆಂಬರ್‌ನಲ್ಲಿ ಸ್ಟಾಂಟನ್ ಫೌಂಡೇಶನ್ ಬಳಕೆಯ ಸುಲಭತೆಯನ್ನು ಹೆಚ್ಚಿಸಲು 8,90,000 ಡಾಲರ್ ಅನುದಾನ ನೀಡಿತು. ಈ ಯೋಜನೆಯಿಂದ 2010ರಲ್ಲಿ ವೆಕ್ಟರ್ ಎಂಬ ಹೊಸ ವಿನ್ಯಾಸ ಬಂದಿತಾದರೂ, ಸಂಕೇತಗಳ ತೊಡಕು ಹಾಗೆಯೇ ಉಳಿಯಿತು.

ಬಿಡುಗಡೆ

2011ರ ಡಿಸೆಂಬರ್‌ನಲ್ಲಿ ವಿಷುಯಲ್ ಎಡಿಟರಿನ ಮೊದಲ ಮಾದರಿ ಪ್ರಕಟವಾಯಿತು. ಮರುವರ್ಷ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಯಸಿದವರಿಗೆ ಪ್ರಾಯೋಗಿಕವಾಗಿ ಲಭ್ಯವಾಯಿತು. 2013ರ ಜುಲೈನಲ್ಲಿ ಅಲ್ಲಿಯೇ ಅದನ್ನು ಪೂರ್ವನಿಯೋಜಿತ ಸಾಧನವನ್ನಾಗಿ ಮಾಡಿದಾಗ ಅನುಭವಿ ಸಂಪಾದಕರಿಂದ ತೀವ್ರ ವಿರೋಧ ವ್ಯಕ್ತವಾಯಿತು. ಪುಟಗಳು ನಿಧಾನವಾಗಿ ತೆರೆಯುತ್ತಿದ್ದುದು, ಅಗತ್ಯ ಸೌಲಭ್ಯಗಳಿಲ್ಲದಿದ್ದುದು ಮತ್ತು ಅನಗತ್ಯ ಸಂಕೇತಗಳು ಲೇಖನಗಳಲ್ಲಿ ಸೇರುತ್ತಿದ್ದುದು ಪ್ರಮುಖ ಆಕ್ಷೇಪಗಳಾಗಿದ್ದವು. ಹೊಸಬರ ಅನುಕೂಲಕ್ಕಾಗಿ ತಂದ ಸಾಧನದ ದೋಷಗಳನ್ನು ಸರಿಪಡಿಸುವ ಹೊರೆ ಹಳಬರ ಮೇಲೆ ಬಿದ್ದಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದನ್ನು ಮತ್ತೆ ಐಚ್ಛಿಕಗೊಳಿಸಲಾಯಿತು. ಸುಧಾರಣೆಗಳ ಬಳಿಕ, 2015ರಲ್ಲಿ ಹೊಸ ಖಾತೆಗಳಿಗೆ ಹಂತಹಂತವಾಗಿ ಪುನಃ ನೀಡಲಾಯಿತು.

ಕಾರ್ಯವಿಧಾನ

ವಿಕಿಪುಟಗಳು ವಿಕಿಪಠ್ಯದ ರೂಪದಲ್ಲಿಯೇ ಸಂಗ್ರಹವಾಗಿರುತ್ತವೆ. ಪಾರ್ಸಾಯ್ಡ್ ಎಂಬ ತಂತ್ರಾಂಶವು ಅದನ್ನು ಎಚ್‌ಟಿಎಂಎಲ್‌ಗೆ ಪರಿವರ್ತಿಸಿ ಸಂಪಾದಕರಿಗೆ ತೋರಿಸುತ್ತದೆ. ಉಳಿಸುವಾಗ ಪುನಃ ವಿಕಿಪಠ್ಯಕ್ಕೆ ತರುತ್ತದೆ. ಬಳಕೆದಾರರು ಮುಟ್ಟದ ಭಾಗಗಳು ಯಥಾಸ್ಥಿತಿಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಇದರ ಅತಿ ಕಠಿಣ ಕೆಲಸ. ಹಾಗಾಗದಿದ್ದರೆ ಒಂದು ಪದ ತಿದ್ದಿದರೂ ಪುಟದ ಇತಿಹಾಸದಲ್ಲಿ ಹಲವು ಸಾಲುಗಳು ಬದಲಾದಂತೆ ಕಂಡು, ಇತರರು ತಿದ್ದುಪಡಿಯನ್ನು ಪರಿಶೀಲಿಸುವುದು ಕಷ್ಟವಾಗುತ್ತದೆ.

ಟೆಂಪ್ಲೇಟುಗಳನ್ನು ಅರ್ಜಿನಮೂನೆಯಂತೆ ತುಂಬಲು ಟೆಂಪ್ಲೇಟ್‌ಡೇಟಾ ಎಂಬ ವಿವರಣೆ ನೆರವಾಗುತ್ತದೆ. ಸೈಟಾಯ್ಡ್ ಎಂಬ ಸೇವೆಯು ಜಾಲತಾಣದ ವಿಳಾಸ ನೀಡಿದೊಡನೆ ಲೇಖಕ, ಶೀರ್ಷಿಕೆ ಮತ್ತು ದಿನಾಂಕಗಳಿರುವ ಉಲ್ಲೇಖವನ್ನು ಸಿದ್ಧಪಡಿಸುತ್ತದೆ. ಮೂಲ ಪುಟದಲ್ಲಿ ಆ ಮಾಹಿತಿ ಸರಿಯಾಗಿ ನಮೂದಾಗಿರದಿದ್ದರೆ ಉಲ್ಲೇಖವೂ ಅಪೂರ್ಣವಾಗಿರುತ್ತದೆ.

ಕನ್ನಡದಲ್ಲಿ ಬಳಕೆ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಹೊಸ ಬರೆಹಗಾರರು ಕನ್ನಡ ಬೆರಳಚ್ಚು ಮತ್ತು ವಿಕಿಪಠ್ಯ ಎರಡನ್ನೂ ಕಲಿಯಬೇಕಾಗಿತ್ತು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇಂಗ್ಲಿಷಿನ ಚೌಕಾವರಣದ ಎಡಗೀಲಿಯು 'ಡ' ಅಕ್ಷರವನ್ನೂ, ಮೇಲ್ಬರಹದ ಅಲ್ಪವಿರಾಮದ ಕೀಲಿಯು 'ಟ' ಅಕ್ಷರವನ್ನೂ ಮೂಡಿಸುತ್ತವೆ. ಆದ್ದರಿಂದ ಕೊಂಡಿ ಅಥವಾ ದಪ್ಪಕ್ಷರ ಬೇಕಾದಾಗಲೆಲ್ಲ ಇಂಗ್ಲಿಷ್ ಕೀಲಿಮಣೆಗೆ ಹೋಗಿ ಮರಳಬೇಕಾಗುತ್ತದೆ. ವಿಷುಯಲ್ ಎಡಿಟರಿನಲ್ಲಿ ಗುಂಡಿಯೊಂದನ್ನು ಒತ್ತಿದರೆ ಸಾಕು.

ಆದರೆ ಕನ್ನಡದ ಲಿಪಿಯು ಈ ಸಾಧನಕ್ಕೂ ಸವಾಲಾಗಿದೆ. ಒತ್ತಕ್ಷರವೊಂದನ್ನು ಮೂಡಿಸಲು ಹಲವು ಕೀಲಿಗಳನ್ನು ಒತ್ತಬೇಕಾಗುವುದರಿಂದ ಟೈಪಿಸುತ್ತಿರುವಂತೆಯೇ ಅಕ್ಷರದ ರೂಪ ಬದಲಾಗುತ್ತದೆ. ಪರದೆಯ ಮೇಲಿನ ಪಠ್ಯವೂ ತಂತ್ರಾಂಶದೊಳಗಿನ ಪಠ್ಯವೂ ಪ್ರತಿ ಹಂತದಲ್ಲಿ ಹೊಂದಿಕೊಳ್ಳದಿದ್ದರೆ ಅಕ್ಷರಗಳು ಕಳೆದುಹೋಗುವ ಸಾಧ್ಯತೆಯಿರುತ್ತದೆ.

ಮಿತಿಗಳು

ಟೆಂಪ್ಲೇಟುಗಳನ್ನು ಮತ್ತು ಲುವಾ ಭಾಷೆಯ ಮಾಡ್ಯೂಲುಗಳನ್ನು ರಚಿಸಲು ಮೂಲ ಸಂಪಾದನೆಯೇ ಅಗತ್ಯ. ಟೆಂಪ್ಲೇಟ್‌ಡೇಟಾವನ್ನು ಸ್ವಯಂಸೇವಕರು ಆಯಾ ಭಾಷೆಯಲ್ಲಿ ಬರೆಯದಿದ್ದರೆ, ನಮೂನೆಯಲ್ಲಿ ವಿವರಣೆಯಿಲ್ಲದ ತಾಂತ್ರಿಕ ಹೆಸರುಗಳಷ್ಟೇ ಕಾಣುತ್ತವೆ. ಹೀಗಾಗಿ ತಾಂತ್ರಿಕ ಪರಿಣತಿ ಇಲ್ಲದವರಿಗೆ ದೊರೆಯುವ ಸೌಲಭ್ಯವು ಆಯಾ ವಿಕಿಯ ತಾಂತ್ರಿಕ ಸ್ವಯಂಸೇವಕರ ಶ್ರಮವನ್ನು ಅವಲಂಬಿಸಿದೆ. ಅಂಥವರು ವಿರಳವಾಗಿರುವ ಸಣ್ಣ ವಿಕಿಗಳಲ್ಲಿ ಈ ಕೊರತೆ ಹೆಚ್ಚು ಬಾಧಿಸುತ್ತದೆ. ಪ್ರಸ್ತುತ ಎರಡೂ ಬಗೆಯ ಸಂಪಾದನೆಗಳು ಲಭ್ಯವಿದ್ದು, ಮಾಡಿದ ಬದಲಾವಣೆಗಳನ್ನು ಕಳೆದುಕೊಳ್ಳದೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು.